ಹೋಗಿ ಬರ್ತೀನಿ ಅನ್ನೋಕೂ ಬಿಡಲಿಲ್ಲ: ಹಳೆ ಆರ್‌ಜೆಗಳು ಸೇರಿದಾಗ ಏನು ಮಾತಾಡಬೇಕು?

ಪ್ರಶ್ನೆ: ಮೇಡಂ, ನಾನು ಕೋಲಾರದವನು. ಬೆಂಗಳೂರಿನ ಒಂದು ಖಾಸಗಿ ಎಫ್‌ಎಂನಲ್ಲಿ ಒಂಬತ್ತು ವರ್ಷ ಆರ್‌ಜೆ ಆಗಿದ್ದೆ. ನಾಲ್ಕು ವರ್ಷದ ಹಿಂದೆ ಒಂದು ಶುಕ್ರವಾರ ಶೋ ಮುಗಿಸಿ ಹೊರಗೆ ಬಂದೆ. ಮೀಟಿಂಗ್ ರೂಮಿಗೆ ಕರೆದು ಇವತ್ತೇ ಕೊನೆ ಅಂದರು. ಕೇಳುಗರಿಗೆ ಹೋಗಿ ಬರ್ತೀನಿ ಅನ್ನೋಕೂ ಬಿಡಲಿಲ್ಲ. ಸೋಮವಾರ ನನ್ನ ಜಾಗದಲ್ಲಿ ಬೇರೆ ದನಿ. ಅದರ ಪ್ರೋಮೋ ಹಿಂದಿನ ವಾರವೇ ರೆಡಿಯಾಗಿತ್ತಂತೆ. ಮಾಡಿದ್ದು ನನ್ನದೇ ಪ್ರೊಡ್ಯೂಸರ್, ದಿನಾ ನನ್ನ ಜೊತೆ ಊಟ ಮಾಡುತ್ತಿದ್ದವನು. ಅವತ್ತಿಂದ ಅವನ ಜೊತೆ ಮಾತಿಲ್ಲ. ಈಗ ಹಳಬರೆಲ್ಲ ತುಮಕೂರಿನಲ್ಲಿ ಒಂದು ಭಾನುವಾರ ಸೇರಿ ನೆನಪುಗಳನ್ನು ರೆಕಾರ್ಡ್ ಮಾಡೋಣ ಅಂತಿದ್ದಾರೆ. ಅಮೆರಿಕದ ಹಳೆ ಡಿಜೆಗಳು ತಮ್ಮನ್ನು ಕೆಲಸದಿಂದ ತೆಗೆದ ಕಥೆಯನ್ನು ನಗುತ್ತಾ ಹೇಳೋದನ್ನು ಕೇಳಿದ್ದೇನೆ. ನನಗೆ ಹಾಗೆ ನಗೋಕೆ ಆಗುತ್ತಿಲ್ಲ. ಸ್ಟೇಷನ್ನಿನವರು ಯಾಕೆ ಹೀಗೆ ಮಾಡುತ್ತಾರೆ? ಕಾನೂನು ಏನು ಹೇಳುತ್ತೆ? ಇದನ್ನೆಲ್ಲ ರೆಕಾರ್ಡ್ ಮಾಡೋದು ಸರಿನಾ? ಅವನನ್ನು ಕರೆಯಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಕರೆಯಿರಿ. ಅವರನ್ನೇ ಮೊದಲು ಕರೆಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನಾನು ಇದೇ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಮೊದಲು ಮೈಕ್ ಮುಂದೆ, ಆಮೇಲೆ ಪ್ರೋಗ್ರಾಮಿಂಗ್ ನೋಡಿಕೊಳ್ಳುವ ಕುರ್ಚಿಯಲ್ಲಿ. ಈಗ ತುಮಕೂರಿನಲ್ಲಿ ಕಾಲೇಜು ಮಕ್ಕಳಿಗೆ ರೇಡಿಯೋ ಪಾಠ ಹೇಳುತ್ತೇನೆ. ಕೆಲಸದಿಂದ ತೆಗೆಸಿಕೊಂಡವರ ಸಾಲಿನಲ್ಲೂ ನಿಂತಿದ್ದೇನೆ, ತೆಗೆದವರ ಸಾಲಿನಲ್ಲೂ ನಿಂತಿದ್ದೇನೆ. ನಿಮ್ಮ ಪತ್ರದಲ್ಲಿ ಒಂದು ಮಾತನ್ನು ನಾಲ್ಕು ಸಲ ಓದಿದೆ. ‘ದಿನಾ ನನ್ನ ಜೊತೆ ಊಟ ಮಾಡುತ್ತಿದ್ದವನು’ ಅಂತ ಬರೆದಿದ್ದೀರಿ. ಸಂಬಳ ನಿಂತಿದ್ದಕ್ಕಿಂತ ಜಾಸ್ತಿ ನಿಮ್ಮನ್ನು ನೋಯಿಸಿದ್ದು ಆ ವಾರದ ಐದು ಊಟ ಅಂತ ನನಗೆ ಅನ್ನಿಸಿತು.

ಹೇಳಿ ಹೋಗೋಕೆ ಯಾಕೆ ಬಿಡಲ್ಲ ಅನ್ನೋದರಿಂದ ಶುರು ಮಾಡೋಣ. ಇದರ ಮೂಲದಲ್ಲಿ ಇರೋದು ಭಯ. ಲೈವ್ ಮೈಕ್‌ನಲ್ಲಿ ಬಾಯಿಂದ ಹೊರಟ ಮಾತು ಆಗಲೇ ಊರೆಲ್ಲ ತಲುಪಿರುತ್ತೆ. ಪತ್ರಿಕೆಯಾದರೆ ಪುಟ ತಡೆಹಿಡಿಯಬಹುದು. ಟೀವಿಯಲ್ಲಿ ರೆಕಾರ್ಡ್ ಆದದ್ದನ್ನು ಕತ್ತರಿಸಬಹುದು. ರೇಡಿಯೋದಲ್ಲಿ ಫೇಡರ್, ಅಂದರೆ ಮೈಕ್ ತೆರೆಯೋ ಗುಂಡಿ, ಮೇಲೆ ಹೋದರೆ ಮುಗಿಯಿತು. ಆಕಾಶವಾಣಿಯ ಕಾರ್ಯಕ್ರಮ ಸಂಹಿತೆಯನ್ನೇ ಖಾಸಗಿ ಎಫ್‌ಎಂಗಳೂ ಪಾಲಿಸಬೇಕು ಅನ್ನೋ ಷರತ್ತು ಲೈಸೆನ್ಸ್‌ನಲ್ಲಿದೆ. ಆರ್‌ಜೆ ಏನಾದರೂ ಅಂದರೆ ನೋಟಿಸ್ ಬರೋದು ಸ್ಟೇಷನ್ನಿಗೆ. ನೊಂದ ಮನುಷ್ಯನನ್ನು, ಅದೂ ಮಾತೇ ಕಸುಬಾದ ಮನುಷ್ಯನನ್ನು, ಮೈಕ್ ಮುಂದೆ ಕೂರಿಸೋಕೆ ಯಾವ ಮ್ಯಾನೇಜರ್‌ಗೂ ಧೈರ್ಯ ಬರಲ್ಲ.

ಈ ಭಯಕ್ಕೆ ಕಾರಣ ಇಲ್ಲ ಅಂತ ಹೇಳಲಾರೆ. 1970ರಲ್ಲಿ ಬಿಬಿಸಿ ರೇಡಿಯೋದ ಡಿಜೆ ಕೆನ್ನಿ ಎವರೆಟ್ ಕೆಲಸ ಕಳೆದುಕೊಂಡಿದ್ದು ಒಂದೇ ಒಂದು ಮಾತಿಗೆ. ಸಾರಿಗೆ ಸಚಿವರ ಹೆಂಡತಿ ಡ್ರೈವಿಂಗ್ ಟೆಸ್ಟ್ ಪಾಸಾದರು ಅಂತ ಸುದ್ದಿ ಬಂತು. ಪರೀಕ್ಷೆ ಮಾಡಿದವನ ಕೈಗೆ ದುಡ್ಡು ಇಟ್ಟಿರಬೇಕು ಅನ್ನೋ ಅರ್ಥದಲ್ಲಿ ಆತ ತಮಾಷೆ ಮಾಡಿದ. ಅಷ್ಟೇ, ಹೊರಗೆ. ಷಿಕಾಗೋದ ಡಿಜೆ ಸ್ಟೀವ್ ಡಾಲ್ ಕಥೆ ಇನ್ನೂ ದೊಡ್ಡದು. ಅವನಿದ್ದ ಸ್ಟೇಷನ್ ರಾಕ್ ಸಂಗೀತ ಬಿಟ್ಟು ಡಿಸ್ಕೋಗೆ ಹೋಯಿತು. 1978ರ ಕ್ರಿಸ್‌ಮಸ್ ಹಿಂದಿನ ದಿನ ಅವನನ್ನು ತೆಗೆದರು. ಬೇರೆ ಸ್ಟೇಷನ್ ಸೇರಿದ ಮೇಲೂ ಅವನ ಕೋಪ ಇಳಿಯಲಿಲ್ಲ. 1979ರ ಜುಲೈ 12ರಂದು ಬೇಸ್‌ಬಾಲ್ ಮೈದಾನದಲ್ಲಿ ಎರಡು ಆಟಗಳ ನಡುವೆ ಡಿಸ್ಕೋ ರೆಕಾರ್ಡ್‌ಗಳನ್ನು ರಾಶಿ ಹಾಕಿ ಸಿಡಿಸಿದ. ಜನ ಮೈದಾನಕ್ಕೆ ನುಗ್ಗಿದರು, ಎರಡನೇ ಆಟ ನಡೆಯಲೇ ಇಲ್ಲ. ಡಿಸ್ಕೋ ಆಗ ಹೆಚ್ಚಾಗಿ ಕರಿಯರ, ಸಲಿಂಗಿಗಳ ನಡುವೆ ಬೆಳೆದ ಸಂಗೀತ. ಒಬ್ಬನ ಕೆಲಸ ಹೋದ ಸಿಟ್ಟು ಅದಕ್ಕೆ ಸಂಬಂಧವೇ ಇಲ್ಲದವರ ಹಾಡಿನ ಮೇಲೆ ಬಿತ್ತು. ನಮ್ಮ ಸಿಟ್ಟು ಯಾರ ಮೇಲೆ ಹೋಗಿ ಬೀಳುತ್ತೆ ಅಂತ ನೋಡಿಕೊಳ್ಳಬೇಕು ಅನ್ನೋಕೆ ಇದನ್ನು ಹೇಳಿದೆ. ಇದಕ್ಕೆ ಮತ್ತೆ ಬರುತ್ತೇನೆ.

ಹೇಳಿ ಹೋಗೋಕೆ ಬಿಟ್ಟವರೂ ಇದ್ದಾರೆ. ನ್ಯೂಯಾರ್ಕ್‌ನ ಡಬ್ಲ್ಯೂಎಬಿಸಿ ಅನ್ನೋ ದೊಡ್ಡ ಸ್ಟೇಷನ್ 1982ರ ಮೇ 10ರಂದು ಹಾಡು ನಿಲ್ಲಿಸಿ ಬರೀ ಮಾತಿನ ಸ್ಟೇಷನ್ ಆಯಿತು. ಅವತ್ತು ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಹನ್ನೆರಡರವರೆಗೆ ಅಲ್ಲಿನ ಡಿಜೆಗಳಾದ ಡ್ಯಾನ್ ಇನ್‌ಗ್ರಾಂ, ರಾನ್ ಲಂಡಿ ಇಬ್ಬರೂ ಒಟ್ಟಿಗೆ ಕೂತು ಕೊನೆಯ ಶೋ ಮಾಡಿದರು. ಯಾರನ್ನೂ ಬೈಯಲಿಲ್ಲ, ಸ್ಟೇಷನ್ನಿನ ಮಾನ ಕಳೆಯಲಿಲ್ಲ. ಕೇಳುಗರು ಮನೆಯಲ್ಲಿ ಟೇಪ್ ಹಾಕಿ ರೆಕಾರ್ಡ್ ಮಾಡಿಕೊಂಡರು, ಹಾಗಾಗಿ ಇವತ್ತಿಗೂ ಅದು ಸಿಗುತ್ತೆ. ನಾನು ಪಾಠದಲ್ಲಿ ಅದನ್ನು ಹಾಕುತ್ತೇನೆ. ವರ್ಷಗಟ್ಟಲೆ ಮಾತಾಡಿದವನಿಗೆ ಒಂದು ಗಂಟೆ ಕೊಟ್ಟರೆ ಆಕಾಶ ಕಳಚಿ ಬೀಳಲ್ಲ ಅಂತ ಮಕ್ಕಳಿಗೆ ತೋರಿಸೋಕೆ. ನಿಮಗೂ ಒಂದು ಲಿಂಕ್, ಅಂದರೆ ಎರಡು ಹಾಡಿನ ನಡುವೆ ಮಾತಾಡೋ ಅವಕಾಶ, ಕೊಡಬೇಕಿತ್ತು. ನಲವತ್ತು ಸೆಕೆಂಡ್ ಸಾಕಿತ್ತು. ಅದನ್ನೂ ಕೊಡದೇ ಇದ್ದದ್ದು ತಪ್ಪು. ವ್ಯಾಪಾರದ ಲೆಕ್ಕ ಹಾಕಿದರೂ ತಪ್ಪೇ. ಯಾಕೆಂದರೆ ಕೇಳುಗ ಸೋಮವಾರ ಹೊಸ ದನಿ ಕೇಳಿದ ಕೂಡಲೇ ಮೊದಲು ಕೇಳೋದು, ಹಳಬರು ಎಲ್ಲಿ ಹೋದರು ಅಂತ.

ಇನ್ನು ದುಡ್ಡಿನ ವಿಷಯ. ಇದು ನಿಮಗೆ ಗೊತ್ತಿರೋದೇ, ಆದರೂ ಬರೆಯುತ್ತೇನೆ. ನಿಮ್ಮನ್ನು ತೆಗೆದದ್ದು ನಿಮ್ಮ ಶೋ ಕೆಟ್ಟಿದ್ದಕ್ಕೆ ಅಂತ ನಿಮ್ಮ ಮನಸ್ಸಿನ ಮೂಲೆಯಲ್ಲಿ ಇನ್ನೂ ಕೂತಿರಬಹುದು. ಹಾಗೆ ಇರಬೇಕಾಗಿಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈ 3ರಂದು, ರೇಡಿಯೋ ಸಿಟಿ. ಆಗಿನ ಲೈಸೆನ್ಸ್ ಫೀಸು ವರ್ಷಕ್ಕೆ ಶೇಕಡಾ 15ರಂತೆ ಏರುತ್ತಾ ಹೋಗುತ್ತಿತ್ತು, ಜಾಹೀರಾತು ಬರಲಿ ಬಿಡಲಿ. 40 ಊರುಗಳಿಗೆ 108 ಚಾನೆಲ್ ಹರಾಜಿಗಿಟ್ಟು ಕೊನೆಗೆ ನಡೆದಿದ್ದು 12 ಊರಲ್ಲಿ 21 ಸ್ಟೇಷನ್ ಮಾತ್ರ. 2005ರ ಹೊಸ ನೀತಿಯಲ್ಲಿ ವರ್ಷದ ಫೀಸು ವರಮಾನದ ಶೇಕಡಾ 4ರ ಲೆಕ್ಕಕ್ಕೆ ಬಂತು. ಬೆಂಗಳೂರಿನಲ್ಲಿ ಒಂದರ ಹಿಂದೆ ಒಂದು ಸ್ಟೇಷನ್ ಬಂದವು. ನಾವೆಲ್ಲ ಆರ್‌ಜೆ ಆಗಿದ್ದು ಆ ಸುಗ್ಗಿಯಲ್ಲೇ. ಕಾಲೇಜು ಕ್ಯಾಂಟೀನಿನಲ್ಲಿ ಚೆನ್ನಾಗಿ ಹರಟೆ ಹೊಡೆಯುತ್ತಿದ್ದವರನ್ನೆಲ್ಲ ಕರೆದು ಆಡಿಷನ್ ಮಾಡಿದ ಕಾಲ ಅದು.

ಆಮೇಲೆ ಒಂದು ಬದಲಾವಣೆ ಆಯಿತು, ಅದರ ಕಡೆ ಜಾಸ್ತಿ ಜನ ಗಮನ ಕೊಡಲಿಲ್ಲ. ಮೊದಲು ಸಣ್ಣ ಊರುಗಳ ಸ್ಟೇಷನ್‌ಗಳಿಗೆ ಮಾತ್ರ ಒಂದೇ ಕಾರ್ಯಕ್ರಮವನ್ನು ಹಂಚಿಕೊಂಡು ಹಾಕೋಕೆ ಅವಕಾಶ ಇತ್ತು. 2011ರ ಮೂರನೇ ಹಂತದ ನೀತಿಯಲ್ಲಿ, ಒಬ್ಬರೇ ಮಾಲೀಕರಾದರೆ ತಮ್ಮ ಯಾವ ಸ್ಟೇಷನ್ನಿಗೆ ಬೇಕಾದರೂ ಹಂಚಬಹುದು ಅಂತಾಯಿತು. ಒಂದು ಕಡೆ ಕೂತು ಮಾಡಿದ ಶೋ ನಾಲ್ಕು ಊರಿಗೆ ಹೋದರೆ ಮೂರು ಕುರ್ಚಿ ಖಾಲಿ. 2015ರ ಹರಾಜಿನಲ್ಲಿ ಕಂಪನಿಗಳು ಕೋಟಿಗಟ್ಟಲೆ ಸುರಿದವು, 2020ರಲ್ಲಿ ಕೊರೊನಾ ಬಂದು ಜಾಹೀರಾತು ನಿಂತುಹೋಯಿತು. ಲೈಸೆನ್ಸ್ ಫೀಸು ಕಡಿಮೆ ಮಾಡೋಕೆ ಆಗಲ್ಲ, ಟವರ್ ಬಾಡಿಗೆ ಕಡಿಮೆ ಮಾಡೋಕೆ ಆಗಲ್ಲ. ಕಡಿಮೆ ಮಾಡೋಕೆ ಆಗೋದು ಮನುಷ್ಯರನ್ನ.

ನಂಬರ್ ಬಗ್ಗೆಯೂ ಒಂದು ಮಾತು. ನಮ್ಮ ಕಾಲದಲ್ಲಿ ರೇಡಿಯೋ ಕೇಳುಗರನ್ನು ಅಳೆಯೋ ‘ರಾಮ್’ ಇತ್ತಲ್ಲ, ಅದು ಇದ್ದದ್ದು ಬೆಂಗಳೂರು, ಮುಂಬೈ, ದೆಹಲಿ, ಕೋಲ್ಕತ್ತಾ ಈ ನಾಲ್ಕೇ ಊರಲ್ಲಿ. ಆರಿಸಿದ ಕೆಲವು ಮನೆಯವರು ಏನು ಕೇಳಿದೆವು ಅಂತ ಒಂದು ಡೈರಿಯಲ್ಲಿ ಬರೆದುಕೊಡುತ್ತಿದ್ದರು. ನನ್ನ ಬೆಳಗಿನ ಶೋಗೆ ಕ್ಯಾತ್ಸಂದ್ರದಿಂದ ಒಬ್ಬರು ಫೋನ್ ಮಾಡುತ್ತಿದ್ದರು. ತಟ್ಟೆ ಇಡ್ಲಿ ಹೋಟೆಲಿನವರು. ಐದೂವರೆಗೆ ಮೊದಲ ಇಡ್ಲಿ ಸ್ಟ್ಯಾಂಡ್ ಇಳಿಸೋ ಹೊತ್ತಿಗೆ ರೇಡಿಯೋ ಹಾಕುತ್ತಿದ್ದರು. ಸಿಗ್ನಲ್ ಸರಿಯಾಗಿ ಸಿಗಲ್ಲ ಅಂತ ಆಂಟೆನಾಕ್ಕೆ ಒಂದು ಹಳೇ ಸ್ಟೀಲ್ ಸೌಟು ಕಟ್ಟಿದ್ದರಂತೆ. ಅವರು ಫೋನ್ ಮಾಡಿದಾಗ ಹಿಂದೆ ಪಾತ್ರೆ ಸದ್ದಿನ ಜೊತೆ ನನ್ನದೇ ದನಿ ಅರ್ಧ ಕ್ಷಣ ತಡವಾಗಿ ಕೇಳುತ್ತಿತ್ತು. ಆ ಮನುಷ್ಯ ಯಾವ ಡೈರಿಯಲ್ಲೂ ಇರಲಿಲ್ಲ. ನಿಮ್ಮ ಕೋಲಾರದ ಟೊಮೆಟೊ ಮಂಡಿಗೆ ಬೆಳಗಿನ ಜಾವ ಲೋಡ್ ತರೋ ಡ್ರೈವರ್‌ಗಳು ನಿಮ್ಮ ಶೋ ಕೇಳುತ್ತಿದ್ದರು ಅಂದರೆ ಅವರೂ ಇರಲಿಲ್ಲ. ಮೀಟಿಂಗ್ ರೂಮಿನಲ್ಲಿ ನಿಮಗೆ ನಂಬರಿನ ಹಾಳೆ ತೋರಿಸಿದ್ದರೆ, ಅದರಲ್ಲಿ ನಿಮ್ಮ ಊರಿನವರು ಒಬ್ಬರೂ ಲೆಕ್ಕಕ್ಕೆ ಬಂದಿರಲ್ಲ. ಅದನ್ನು ನಿಮ್ಮ ಬೆಲೆ ಅಂತ ಅಂದುಕೊಳ್ಳಬೇಡಿ.

ಅಮೆರಿಕದವರು ನಗುತ್ತಾರೆ, ನಮಗೆ ಯಾಕೆ ಆಗಲ್ಲ ಅಂತ ಕೇಳಿದಿರಿ. ಇದನ್ನು ನಾನು ತುಂಬಾ ಯೋಚನೆ ಮಾಡಿದ್ದೇನೆ. ಅಲ್ಲಿ ಸಾವಿರಾರು ಸ್ಟೇಷನ್. ಓಹಾಯೋದಲ್ಲಿ ತೆಗೆದರೆ ಟೆಕ್ಸಾಸ್‌ಗೆ ಹೋಗಬಹುದು, ಅದೇ ಇಂಗ್ಲಿಷು, ಅದೇ ಹಾಡು. ಹೊಸ ಊರಲ್ಲಿ ಹೊಸ ಹೆಸರು ಇಟ್ಟುಕೊಂಡು ಮತ್ತೆ ಶುರು. ಕೆಲಸ ಹೋಗೋದು ಅವರಿಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಸಾಮಾನು ಕಟ್ಟೋ ಕೆಲಸ. ಕನ್ನಡದ ಆರ್‌ಜೆಗೆ ಎಲ್ಲಿದೆ ಇನ್ನೊಂದು ಊರು? ಬೆಂಗಳೂರು ಬಿಟ್ಟರೆ ಮೈಸೂರು, ಮಂಗಳೂರು ಅಂತ ಬೆರಳಲ್ಲಿ ಎಣಿಸಿ ಮುಗಿಸಬಹುದು. ನಮ್ಮ ಕಾಲದಲ್ಲಿ ತುಮಕೂರಿಗೂ ಕೋಲಾರಕ್ಕೂ ಚಿಕ್ಕಬಳ್ಳಾಪುರಕ್ಕೂ ಖಾಸಗಿ ಎಫ್‌ಎಂ ಇರಲಿಲ್ಲ. ನಿಮ್ಮನ್ನು ತೆಗೆದಾಗ ಒಂದು ಕೆಲಸದ ಜೊತೆಗೆ ನಿಮ್ಮ ಭಾಷೆಯಲ್ಲಿ ಆ ಕಸುಬು ಮಾಡೋ ದಾರಿಯೇ ಹೆಚ್ಚುಕಮ್ಮಿ ಮುಚ್ಚಿತು. ನಗು ಬರದೇ ಇರೋದು ಸಹಜ ಅಲ್ವಾ?

ಇನ್ನೂ ಒಂದಿದೆ. ನೀವು ಕೇಳಿದ ಆ ನಗು ಹೆಚ್ಚಾಗಿ 1996ಕ್ಕಿಂತ ಮುಂಚೆ ಕೆಲಸ ಕಳೆದುಕೊಂಡವರದು. ಆ ವರ್ಷದ ಕಾನೂನು ಬರೋವರೆಗೆ ಅಲ್ಲಿ ಒಂದು ಕಂಪನಿ ದೇಶದಲ್ಲೆಲ್ಲ ಸೇರಿ 40 ಸ್ಟೇಷನ್ ಮಾತ್ರ ಇಟ್ಟುಕೊಳ್ಳಬಹುದಿತ್ತು. ಆ ಮಿತಿ ತೆಗೆದ ಮೇಲೆ ಕ್ಲಿಯರ್ ಚಾನೆಲ್ ಅನ್ನೋ ಕಂಪನಿ ಒಂದೇ 1,200ರಷ್ಟು ಸ್ಟೇಷನ್ ಕೊಂಡಿತು. ಎಲ್ಲೋ ಕೂತು ಮೊದಲೇ ರೆಕಾರ್ಡ್ ಮಾಡಿದ ಮಾತನ್ನು ಹಾಡುಗಳ ಮಧ್ಯೆ ಸೇರಿಸಿ ಇನ್ಯಾವುದೋ ಊರಿನಲ್ಲಿ ಲೈವ್ ಇದ್ದ ಹಾಗೆ ಹಾಕೋ ಪದ್ಧತಿ ಬೆಳೆಯಿತು. ಅದಾದ ಮೇಲೆ ಕೆಲಸ ಹೋದವರ ಮಾತು ಕೇಳಿ ನೋಡಿ. ಅವರೂ ನಮ್ಮ ಹಾಗೇ ಸುಮ್ನೆ ಆಗಿಬಿಡುತ್ತಾರೆ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಾನು ವಕೀಲೆ ಅಲ್ಲ, ಆದರೆ ನಮ್ಮವರ ಕಾಗದಪತ್ರ ಸಾಕಷ್ಟು ನೋಡಿದ್ದೇನೆ. ಮೊದಲು ಮನೆಯಲ್ಲಿ ಹುಡುಕಿ, ತೆರಿಗೆ ಕತ್ತರಿಸಿದ್ದಕ್ಕೆ ನಿಮಗೆ ಕೊಡುತ್ತಿದ್ದ ಸರ್ಟಿಫಿಕೇಟ್ ಫಾರ್ಮ್ 16 ಆಗಿತ್ತಾ, ಫಾರ್ಮ್ 16ಎ ಆಗಿತ್ತಾ? ಫಾರ್ಮ್ 16 ಆದರೆ ನೀವು ಸಂಬಳದ ನೌಕರ. 16ಎ ಬಂದು, ಶೇಕಡಾ 10 ಟಿಡಿಎಸ್ 194ಜೆ ಸೆಕ್ಷನ್‌ನಲ್ಲಿ ಕತ್ತರಿಸಿದ್ದರೆ ಕಾಗದದ ಮೇಲೆ ನಿಮ್ಮನ್ನು ಹೊರಗಿನ ಕನ್ಸಲ್ಟೆಂಟ್ ಅಂತ ಇಟ್ಟಿದ್ದರು ಅಂತ ಅರ್ಥ. ನಮ್ಮಲ್ಲಿ ಎಷ್ಟೋ ಆರ್‌ಜೆಗಳಿಗೆ ಇದು ಗೊತ್ತಾಗೋದು ತೆಗೆದ ದಿನವೇ. ಪತ್ರಕರ್ತರಿಗೆ ಇದ್ದ 1955ರ ಕಾಯ್ದೆ ಪತ್ರಿಕೆಯವರಿಗೆ ಮಾಡಿದ್ದು, ಅದು ನಮ್ಮ ನೆರವಿಗೆ ಬರಲಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಒಂದು ತಿಂಗಳ ನೋಟಿಸು, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಇತ್ತು, ಆದರೆ ಅದು ಕಾಯ್ದೆ ಹೇಳೋ ಅರ್ಥದಲ್ಲಿ ‘ಕಾರ್ಮಿಕ’ ಆದವರಿಗೆ. ಮಾತಾಡೋ ಕೆಲಸದವರು ಅದರೊಳಗೆ ಬರುತ್ತಾರಾ ಅನ್ನೋದರ ಮೇಲೇ ಜಗಳ ನಿಂತುಬಿಡುತ್ತಿತ್ತು. ನಿಮಗೆ ಗಟ್ಟಿಯಾಗಿ ಸಿಗಬಹುದಾದದ್ದು ಗ್ರಾಚ್ಯುಟಿ. ಸಂಬಳದ ನೌಕರರಾಗಿ ಐದು ವರ್ಷ ಮುಗಿಸಿದ್ದರೆ ನಿಮ್ಮನ್ನು ತೆಗೆದಾಗ ಇದ್ದ 1972ರ ಕಾಯ್ದೆ ಪ್ರಕಾರ ಅದು ನಿಮ್ಮ ಹಕ್ಕು. ಕೊನೆಯ ಮೂಲ ವೇತನ ಮತ್ತು ಡಿಎ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಒಂಬತ್ತು ವರ್ಷಕ್ಕೆ ಗುಣಿಸಿ. ಆ ದುಡ್ಡು ಬಂದಿಲ್ಲ ಅಂದರೆ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ವಿಚಾರಿಸಿ. ತಡವಾಗಿದ್ದರೂ ತಕ್ಕ ಕಾರಣ ಇದ್ದರೆ ಅರ್ಜಿ ತೆಗೆದುಕೊಳ್ಳೋಕೆ ಅವಕಾಶ ಇದೆ.

ಈಗ ನಿಮ್ಮ ಪ್ರೊಡ್ಯೂಸರ್ ವಿಷಯ. ಇದಕ್ಕೆ ನಾನು ನನ್ನದೇ ಒಂದು ಕಥೆ ಹೇಳಬೇಕು. ಸ್ಟೇಷನ್ ಹೆಸರು ಬೇಡ.

ನಾನು ಪ್ರೋಗ್ರಾಮಿಂಗ್ ನೋಡಿಕೊಳ್ಳುತ್ತಿದ್ದಾಗ ನಮ್ಮಲ್ಲಿ ಬೆಳಗಿನ ಶೋ ಮಾಡೋ ಹುಡುಗ ಒಬ್ಬ ಇದ್ದ. ಚಿಂತಾಮಣಿ ಕಡೆಯವನು. ಮನೆಯಲ್ಲಿ ತೆಲುಗು, ಮೈಕ್‌ನಲ್ಲಿ ಚಂದದ ಕನ್ನಡ. ನನ್ನನ್ನು ಅಕ್ಕಾ ಅನ್ನುತ್ತಿದ್ದ, ನಾನು ಅವನನ್ನು ಏನೋ, ಬಾರೋ ಅನ್ನುತ್ತಿದ್ದೆ. ಶೋಗೆ ಮುಂಚೆ ಒಂದು ಸಣ್ಣ ಚೀಟಿಯಲ್ಲಿ ಅವತ್ತು ಫೋನ್ ಮಾಡಬಹುದಾದ ಕೇಳುಗರ ಹೆಸರು, ಅವರ ಮನೆಯ ಸುದ್ದಿ ಬರೆದು ಕನ್ಸೋಲ್ ಅಂಚಿಗೆ ಅಂಟಿಸುತ್ತಿದ್ದ. ‘ಮಗಳಿಗೆ ಸೆಕೆಂಡ್ ಪಿಯು ರಿಸಲ್ಟ್ ಇವತ್ತು.’ ‘ಎಮ್ಮೆ ಕರು ಹಾಕಿರಬೇಕು, ಕೇಳು.’ ಹೀಗೆ. ಅಂಟಿನ ಗುರುತು ಕನ್ಸೋಲ್ ಅಂಚಿನಲ್ಲಿ ಕಪ್ಪಗೆ ಸಾಲಾಗಿ ಕೂತಿತ್ತು. ಎಂಜಿನಿಯರ್ ದಿನಾ ಬೈಯುತ್ತಾ ಉಜ್ಜುತ್ತಿದ್ದರು.

ಅವನನ್ನು ತೆಗೆಯಬೇಕು ಅಂತ ಮೇಲಿನಿಂದ ಬಂತು. ನನಗೆ ಹತ್ತು ದಿನ ಮುಂಚೆ ಹೇಳಿದರು. ಯಾರಿಗೂ ಬಾಯಿ ಬಿಡಬಾರದು, ಬಿಟ್ಟರೆ ನಿನ್ನ ಕೆಲಸವೂ ಇರಲ್ಲ ಅಂತ ನೇರವಾಗಿಯೇ ಹೇಳಿದರು. ನನಗೆ ಆಗ ಮನೆ ಸಾಲ ಇತ್ತು, ಅಪ್ಪನಿಗೆ ಡಯಾಲಿಸಿಸ್ ನಡೆಯುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಆ ಹತ್ತು ದಿನವೂ ಅವನ ಜೊತೆ ಕೂತು ಕಾಫಿ ಕುಡಿದೆ. ಅವನು ಬರೋ ತಿಂಗಳ ಯುಗಾದಿ ಸ್ಪೆಷಲ್ ಬಗ್ಗೆ ಮಾತಾಡುತ್ತಿದ್ದ, ನಾನು ಹೂಂ ಅನ್ನುತ್ತಿದ್ದೆ.

ತೆಗೆಯೋ ದಿನ ಶುಕ್ರವಾರ ಅಂತ ಇತ್ತು. ಆದರೆ ಟ್ರಾನ್ಸ್‌ಪೋರ್ಟಿನವರು ಅವನ ಹೆಸರನ್ನು ಗುರುವಾರವೇ ಟ್ರಿಪ್ ಶೀಟಿನಿಂದ ತೆಗೆದುಬಿಟ್ಟಿದ್ದರು. ಶುಕ್ರವಾರ ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ನನ್ನ ಫೋನ್ ಹೊಡೆಯಿತು. ‘ಅಕ್ಕಾ, ಕ್ಯಾಬ್ ಬಂದಿಲ್ಲ. ಡ್ರೈವರ್ ಅಣ್ಣನಿಗೆ ಕೇಳಿದರೆ ನಿಮ್ಮ ಹೆಸರಿಲ್ಲ ಸರ್ ಅಂತಿದ್ದಾರೆ. ಆಟೋ ಹಿಡಿದು ಬರಲಾ? ಆರು ಗಂಟೆಗೆ ಶೋ ಇದೆ.’ ಹಿಂದೆ ನಾಯಿ ಬೊಗಳೋದು ಕೇಳುತ್ತಿತ್ತು, ರಸ್ತೆಯಲ್ಲಿ ನಿಂತಿದ್ದ. ನಾನು ಎದ್ದು ಕೂತೆ. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ‘ನೀವು ಈಗ ಮನೆಗೆ ಹೋಗಿ. ಹತ್ತು ಗಂಟೆಗೆ ಆಫೀಸಿಗೆ ಬನ್ನಿ’ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವನು ಕೇಳಿದ, ‘ಅಕ್ಕಾ, ಯಾಕೆ ನೀವು ಅಂತಿದ್ದೀರಾ?’

ಅವನಿಗೆ ಗೊತ್ತಾಗಿದ್ದು ಹಾಗೆ. ಐದು ವರ್ಷ ಬಾರೋ ಹೋಗೋ ಅಂದವಳು ನೀವು ಅಂದಾಗ. ಪತ್ರ, ಸಹಿ, ಮೀಟಿಂಗ್ ರೂಮು ಎಲ್ಲ ಆಮೇಲಿನ ಮಾತು.

ಎರಡು ವರ್ಷ ಬಿಟ್ಟು ನನ್ನನ್ನೂ ತೆಗೆದರು. ಅದರಲ್ಲಿ ಹೇಳೋಂಥದ್ದು ಏನಿಲ್ಲ. ಆದರೆ ಆ ನಾಲ್ಕೂಮುಕ್ಕಾಲಿನ ಫೋನ್ ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ. ನಿಮ್ಮ ಪ್ರೊಡ್ಯೂಸರ್ ಆ ಪ್ರೋಮೋ ಕಟ್ ಮಾಡಿದ ರಾತ್ರಿ ಹೇಗಿದ್ದರು ಅಂತ ನನಗೆ ಗೊತ್ತಿಲ್ಲ. ಆದರೆ ಪ್ರೋಮೋ ಮಾಡು ಅಂತ ಹೇಳಿದವರು ಇನ್ಯಾರೋ. ಹೊಸ ದನಿಯ ಪ್ರೋಮೋ ಅಂದರೆ ಹಿಂದಿನ ಪ್ರೋಮೋದ ಹಿನ್ನೆಲೆ ಸಂಗೀತವನ್ನೇ ತೆಗೆದುಕೊಂಡು, ನಿಮ್ಮ ಹೆಸರು ಇದ್ದ ಜಾಗವನ್ನು ಮಾರ್ಕ್ ಮಾಡಿ ಕತ್ತರಿಸಿ, ಅಲ್ಲಿಗೆ ಇನ್ನೊಂದು ಹೆಸರು ಕೂರಿಸೋ ಕೆಲಸ. ಅದನ್ನು ಇಯರ್‌ಫೋನ್ ಹಾಕಿಕೊಂಡು ಇಪ್ಪತ್ತು ಮೂವತ್ತು ಸಲ ಕೇಳಲೇಬೇಕು. ಆಮೇಲೆ ನಿಮ್ಮ ಎದುರು ಕೂತು ಡಬ್ಬಿ ಬಿಚ್ಚಬೇಕು. ಅವರು ತಪ್ಪೇ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಒಂದು ಸೂಚನೆ ಕೊಡಬಹುದಿತ್ತು. ನಾನೂ ಕೊಡಬಹುದಿತ್ತು. ಆದರೆ ನಿಮ್ಮ ನಾಲ್ಕು ವರ್ಷದ ಸಿಟ್ಟೆಲ್ಲ ಆ ಒಬ್ಬರ ತಲೆ ಮೇಲೆ ಬಿದ್ದಿದೆ, ತೀರ್ಮಾನ ಮಾಡಿದವರ ಹೆಸರು ನಿಮ್ಮ ಪತ್ರದಲ್ಲಿ ಒಂದು ಕಡೆಯೂ ಬಂದಿಲ್ಲ.

ರೆಕಾರ್ಡ್ ಮಾಡೋದು ಸರಿನಾ ಅಂತ ಕೇಳಿದಿರಿ. ಖಂಡಿತ ಮಾಡಿ. ಯಾಕೆಂದರೆ ಬೇರೆ ಯಾರೂ ಇಟ್ಟಿರಲ್ಲ. ಸಮುದಾಯ ರೇಡಿಯೋ ನಿಯಮದಲ್ಲಿ ಪ್ರಸಾರ ಮಾಡಿದ್ದನ್ನು ಮೂರು ತಿಂಗಳು ಇಟ್ಟುಕೊಂಡರೆ ಸಾಕು ಅಂತಿದೆ. ಅದಾದ ಮೇಲೆ ಸರ್ವರ್‌ನಲ್ಲಿ ಜಾಗ ಬೇಕು ಅಂತ ಅಳಿಸುತ್ತಾರೆ. ಖಾಸಗಿಯವರೂ ದಿನದ ಶೋಗಳನ್ನು ವರ್ಷಗಟ್ಟಲೆ ಕಾಪಾಡಿ ಇಟ್ಟಿದ್ದನ್ನು ನಾನು ನೋಡಿಲ್ಲ. ನೀವು ಒಂಬತ್ತು ವರ್ಷ ಮಾತಾಡಿದಿರಿ, ಅದು ಈಗ ಎಲ್ಲೂ ಇಲ್ಲ. ನಿಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ 2000ದ ದಶಕದ ಶುರುವಿನಲ್ಲಿ ‘ನಮ್ಮ ಧ್ವನಿ’ ಅಂತ ಹಳ್ಳಿಯ ಹೆಂಗಸರು, ಹುಡುಗರು ಸೇರಿ ರೇಡಿಯೋ ನಡೆಸಿದರು. ಆಗ ಹಳ್ಳಿಯವರಿಗೆ ಲೈಸೆನ್ಸ್ ಕೊಡೋ ಕಾನೂನೇ ಇರಲಿಲ್ಲ, ಅದು ಬಂದಿದ್ದು 2006ರಲ್ಲಿ. ಅದಕ್ಕೇ ಅವರು ಕೇಬಲ್ ತಂತಿಯಲ್ಲಿ ಮನೆಮನೆಗೆ ದನಿ ಕಳಿಸಿದರು. ಆ ಕಥೆ ನಮಗೆ ಗೊತ್ತಿರೋದು ಯಾರೋ ಅವರ ಹತ್ತಿರ ಕೂತು ಕೇಳಿ ಬರೆದುಕೊಂಡಿದ್ದರಿಂದ. ಬೆಂಗಳೂರಿನ ಎಫ್‌ಎಂ ಸುಗ್ಗಿಯ ಕಥೆಯನ್ನು ಹಾಗೆ ಕೂತು ಕೇಳಿದವರು ಕಮ್ಮಿ.

ಭಾನುವಾರ ಸೇರಿದಾಗ ಒಂದು ಮಾತು ನೆನಪಿಡಿ. ಕೆಲಸ ಹೋದ ದಿನದಿಂದ ಶುರು ಮಾಡಬೇಡಿ. ಅದರಿಂದ ಶುರು ಮಾಡಿದರೆ ಎಲ್ಲರೂ ತಮ್ಮ ತಮ್ಮ ಶುಕ್ರವಾರವನ್ನೇ ಹೇಳುತ್ತಾರೆ, ಸಂಜೆಯಾಗುತ್ತೆ, ಮನೆಗೆ ಹೋಗುತ್ತಾರೆ. ಮೈಕ್ ಆನ್ ಮಾಡಿ ಮೊದಲು ಬೇರೆಯವರ ಬಗ್ಗೆ ಕೇಳಿ. ರಾತ್ರಿ ಪಾಳಿಯಲ್ಲಿ ಯಾರಿರುತ್ತಿದ್ದರು? ಪವರ್ ಹೋದಾಗ ಜನರೇಟರ್ ಹಾಕೋಕೆ ಓಡುತ್ತಿದ್ದವರು ಯಾರು? ಮೊದಲ ದಿನ ಕೈ ನಡುಗಿದಾಗ ಪಕ್ಕದಲ್ಲಿ ನಿಂತು ಫೇಡರ್ ಎತ್ತಿಕೊಟ್ಟವರು ಯಾರು? ಟ್ರಾಫಿಕ್ ಸುದ್ದಿ ಕೊಡುತ್ತಿದ್ದ ಪೊಲೀಸಪ್ಪನ ದನಿ ಹೇಗಿತ್ತು? ಸ್ಟುಡಿಯೋ ಏಸಿ ಸದ್ದು ಹೇಗಿತ್ತು, ಕಾಫಿ ಎಲ್ಲಿಂದ ಬರುತ್ತಿತ್ತು? ನಮ್ಮ ಕ್ಯಾಬ್ ಡ್ರೈವರ್ ಒಬ್ಬರು ಬೆಳಗಿನ ಜಾವ ಆರ್‌ಜೆ ನಿದ್ದೆಗಣ್ಣಲ್ಲಿ ಹತ್ತಿದ ಕೂಡಲೇ ಎದುರಾಳಿ ಸ್ಟೇಷನ್ ಹಾಕಿ ಅವರೇನು ಮಾಡುತ್ತಿದ್ದಾರೆ ಅಂತ ಪೂರ್ತಿ ವರದಿ ಒಪ್ಪಿಸುತ್ತಿದ್ದರು. ಅಂಥವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ನೀವು ಹೇಳದಿದ್ದರೆ ಹೋಯಿತು. ಮುಂದೆ ತಾನಾಗಿಯೇ ಕೆಲಸ ಹೋದ ಮಾತು ಬರುತ್ತೆ, ಬರಲಿ. ಆ ಹೊತ್ತಿಗೆ ಕೇಳೋರಿಗೆ ಏನು ಹೋಯಿತು ಅಂತ ಗೊತ್ತಿರುತ್ತೆ.

ಎರಡು ಎಚ್ಚರಿಕೆ. ಸಾರ್ವಜನಿಕವಾಗಿ ಹಾಕೋದಾದರೆ ಹಳೆ ಒಪ್ಪಂದದಲ್ಲಿ ಸಂಸ್ಥೆಯ ಬಗ್ಗೆ ಮಾತಾಡಬಾರದು ಅಂತ ಏನಾದರೂ ಇದೆಯಾ ಓದಿ. ಮನುಷ್ಯರ ಹೆಸರು ಹಿಡಿದು ಕೇಳಿದ ಸುದ್ದಿ ಹೇಳಬೇಡಿ, ನಿಮ್ಮ ಕಣ್ಣೆದುರು ಆದದ್ದನ್ನು ಮಾತ್ರ ಹೇಳಿ. ಇನ್ನೊಂದು, ಹಳೇ ಶೋ ರೆಕಾರ್ಡಿಂಗ್ ಸಿಕ್ಕರೆ ಅದು ಕಾಯ್ದೆ ಪ್ರಕಾರ ಸ್ಟೇಷನ್ನಿನದು, ಪ್ರಸಾರದ ಮೇಲಿನ ಹಕ್ಕು 25 ವರ್ಷ ಇರುತ್ತೆ. ಹಾಡುಗಳ ಹಕ್ಕು ಬೇರೆಯವರದು. ನಿಮ್ಮ ನೆನಪಿಗೆ ಇಟ್ಟುಕೊಂಡು ನಾಲ್ಕು ಜನ ಕೂತು ಕೇಳಿದರೆ ಯಾರೂ ತಕರಾರು ತೆಗೆಯಲ್ಲ, ಆದರೆ ಅಂತರ್ಜಾಲಕ್ಕೆ ಹಾಕೋ ಮುಂಚೆ ಕೇಳಿ ಒಪ್ಪಿಗೆ ಪಡೆಯಿರಿ. ಹಾಡುಗಳನ್ನಂತೂ ಕತ್ತರಿಸಿ ಬರೀ ಲಿಂಕ್‌ಗಳನ್ನು ಉಳಿಸಿಕೊಳ್ಳಿ. ಹಳೆ ಡಿಜೆಗಳು ತಮ್ಮ ಏರ್‌ಚೆಕ್‌ಗಳನ್ನು, ಅಂದರೆ ತಮ್ಮ ಶೋಗಳ ರೆಕಾರ್ಡಿಂಗ್‌ಗಳನ್ನು, ಹಾಗೇ ಇಟ್ಟುಕೊಳ್ಳುತ್ತಿದ್ದರು. ಮೂರು ಗಂಟೆಯ ಶೋ ಹನ್ನೆರಡು ನಿಮಿಷಕ್ಕೆ ಬರುತ್ತೆ.

ಚಿಂತಾಮಣಿಯ ಆ ಹುಡುಗ ಆರು ವರ್ಷ ಆದಮೇಲೆ ನನಗೆ ಫೋನ್ ಮಾಡಿದ. ಸಿದ್ಧಗಂಗೆ ಜಾತ್ರೆಗೆ ದನ ನೋಡೋಕೆ ಮಾವನ ಜೊತೆ ಬಂದಿದ್ದೇನೆ, ಸಿಗ್ತೀರಾ ಅಂದ. ಅವನು ಈಗ ಹಾಲಿನ ಡೈರಿ ನಡೆಸುತ್ತಾನೆ. ನಾನು ಒಂದು ಸಿ.ಡಿ. ತೆಗೆದುಕೊಂಡು ಹೋದೆ. ಅವನ ಕೊನೆಯ ಶೋ, ಆ ಗುರುವಾರದ್ದು. ಸರ್ವರ್‌ನಿಂದ ಅವತ್ತು ರಾತ್ರಿಯೇ ತೆಗೆದು ಇಟ್ಟುಕೊಂಡಿದ್ದೆ, ಬೇರೆ ಏನೂ ಮಾಡೋ ಧೈರ್ಯ ಇಲ್ಲದೆ. ನನ್ನ ಹಳೇ ಕಾರಿನಲ್ಲಿ ಸಿ.ಡಿ. ಪ್ಲೇಯರ್ ಇತ್ತು. ಅಮಾನಿಕೆರೆ ಹತ್ತಿರ ಗಾಡಿ ನಿಲ್ಲಿಸಿ ಹಾಕಿದೆ. ಕೊನೆಯ ಲಿಂಕಿನಲ್ಲಿ ಅವನು ಎಂದಿನ ಹಾಗೆ ‘ನಾಳೆ ಬೆಳಗ್ಗೆ ಆರಕ್ಕೆ ಸಿಗೋಣ’ ಅಂತಾನೆ. ಅವನು ಅದನ್ನು ಎರಡು ಸಲ ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, ‘ಅಕ್ಕಾ, ಇನ್ನಾದರೂ ಬಾರೋ ಅನ್ನು’ ಅಂದ.

ನಿಮ್ಮ ಪ್ರೊಡ್ಯೂಸರ್ ಹತ್ತಿರ ನಿಮ್ಮ ಆ ಶುಕ್ರವಾರದ ಶೋ ಇರಬಹುದು. ಪ್ರೊಡ್ಯೂಸರ್‌ಗಳು ಇಂಥವನ್ನು ಎಸೆಯಲ್ಲ. ಫೋನ್ ಮಾಡಿ. ಪ್ರೋಮೋ ವಿಷಯ ಮೊದಲ ಫೋನಿನಲ್ಲೇ ಎತ್ತಬೇಡಿ, ಅದನ್ನು ಎದುರಿಗೆ ಕೂತು ಕೇಳಿ. ಹಾರ್ಡ್ ಡಿಸ್ಕ್ ಇದ್ದರೆ ಭಾನುವಾರ ತರೋಕೆ ಹೇಳಿ. ಅಷ್ಟು ಹಳೆಯದಾದರೆ ಅದರ ಕೇಬಲ್ಲೂ ತರಬೇಕಾಗುತ್ತೆ, ಈಗ ಅಂಗಡಿಯಲ್ಲಿ ಬೇಗ ಸಿಗಲ್ಲ.